ಅಭಿಜಿತ್ ನಕ್ಷತ್ರದ ಹೆಸರು ಹೊತ್ತ ಎರಡು ಗ್ರಹಗಳು

2009ರ ‘ಸ್ಟಾರ್ ಟ್ರೆಕ್’ ಚಲನಚಿತ್ರದಲ್ಲಿ ಮುದಿ ಸ್ಪಾಕ್ ಹಿಮದ ಬಯಲಿನಲ್ಲಿ ನಿಂತು ತಲೆಯೆತ್ತಿ ನೋಡುವ ಒಂದು ದೃಶ್ಯವಿದೆ. ಮೇಲೆ, ನಮ್ಮ ಹುಣ್ಣಿಮೆಯ ಚಂದ್ರನಿಗಿಂತ ಎಷ್ಟೋ ಪಟ್ಟು ದೊಡ್ಡದಾಗಿ, ಅವನ ತಾಯ್ನೆಲವಾದ ವಲ್ಕನ್ ಗ್ರಹ ತೂಗುತ್ತಿದೆ. ನೋಡನೋಡುತ್ತಿದ್ದಂತೆ ಅದು ಒಳಕ್ಕೆ ಕುಸಿದು ಇಲ್ಲವಾಗುತ್ತದೆ. ತನ್ನವರ ನಾಶವನ್ನು ಅವನು ಕಣ್ಣಾರೆ ಕಾಣಲಿ ಎಂದೇ ವೈರಿ ಅವನನ್ನು ಅಲ್ಲಿ ತಂದು ಬಿಟ್ಟಿದ್ದಾನೆ. ಆ ಹಿಮಲೋಕದ ಹೆಸರು ಡೆಲ್ಟಾ ವೇಗಾ.

ಹಳೆಯ ‘ಸ್ಟಾರ್ ಟ್ರೆಕ್’ ಟಿವಿ ಧಾರಾವಾಹಿಯನ್ನು ನೋಡಿದವರಿಗೆ ಇದು ಕೇಳಿದ ಹೆಸರು. ಆದರೆ ಆ ಗ್ರಹ ಬೇರೆ. 1966ರ ಸೆಪ್ಟೆಂಬರ್ 22ರಂದು ಅಮೆರಿಕದಲ್ಲಿ ಪ್ರಸಾರವಾದ ಕಂತಿನಲ್ಲಿ ಎಂಟರ್‌ಪ್ರೈಸ್ ನೌಕೆ ನಮ್ಮ ಗ್ಯಾಲಕ್ಸಿಯ ಅಂಚಿಗೆ ಹೋಗಿ, ಅಲ್ಲಿನ ವಿಚಿತ್ರ ತಡೆಗೋಡೆಗೆ ಬಡಿದು ಎಂಜಿನ್ ಸುಟ್ಟುಕೊಳ್ಳುತ್ತದೆ. ಕುಂಟುತ್ತ ಹತ್ತಿರದ ಒಂದು ಗ್ರಹಕ್ಕೆ ಬರುತ್ತದೆ. ಕಲ್ಲು, ಮರಳು, ಲಿಥಿಯಂ ಅದಿರನ್ನು ಸಂಸ್ಕರಿಸುವ ಒಂದು ಸ್ವಯಂಚಾಲಿತ ಕಾರ್ಖಾನೆ; ಇಷ್ಟು ಬಿಟ್ಟರೆ ಅಲ್ಲಿ ನರಪಿಳ್ಳೆಯೂ ಇಲ್ಲ. ಅದಿರು ಸಾಗಿಸುವ ಹಡಗು ಕೂಡ ಇಪ್ಪತ್ತು ವರ್ಷಕ್ಕೊಮ್ಮೆ ಬರುತ್ತದೆ. ಇದೂ ಡೆಲ್ಟಾ ವೇಗಾ. ಹೆಸರುಗಳ ವಿಷಯದಲ್ಲಿ ಆ ಕಂತಿಗೆ ಏನೋ ಗ್ರಹಚಾರವಿತ್ತೆಂದು ಕಾಣುತ್ತದೆ: ನಾಯಕನಿಗಾಗಿ ತೋಡಿದ ಗೋರಿಯ ಕಲ್ಲಿನ ಮೇಲೆ ‘ಜೇಮ್ಸ್ ಆರ್. ಕರ್ಕ್’ ಎಂದಿದೆ. ಮುಂದೆ ಅವನು ಜಗತ್ತಿಗೆಲ್ಲ ಜೇಮ್ಸ್ ಟಿ. ಕರ್ಕ್ ಆದ.

2009ರ ಚಿತ್ರಕಥೆ ಬರೆದವರು ವಿಷಯವನ್ನು ಮುಚ್ಚಿಡಲಿಲ್ಲ. ಗ್ರಹವನ್ನು ತಮ್ಮ ಅನುಕೂಲಕ್ಕೆ ಸರಿಸಿಕೊಂಡೆವು, ಹಳೆಯ ಅಭಿಮಾನಿಗಳಿಗೆ ಪರಿಚಿತ ಹೆಸರೊಂದು ಕಿವಿಗೆ ಬೀಳಲಿ ಎಂದು ಹಾಗೆ ಮಾಡಿದೆವು ಎಂದು ಒಪ್ಪಿಕೊಂಡರು. ಕಥೆಗಾರರಿಗೆ ಅಷ್ಟು ಸ್ವಾತಂತ್ರ್ಯ ಇರಲಿ. ಆದರೆ ಖಗೋಳದಲ್ಲಿ ಹೆಸರೆಂದರೆ ವಿಳಾಸವೂ ಹೌದು. ಆ ವಿಳಾಸ ಹಿಡಿದು ಹುಡುಕಹೊರಟರೆ ಏನಾಗುತ್ತದೆ?

ವೇಗಾ ಎಂದರೆ ನಮ್ಮ ಅಭಿಜಿತ್. ಇಪ್ಪತ್ತೇಳು ನಕ್ಷತ್ರಗಳ ಪಟ್ಟಿಗೆ ಒಮ್ಮೊಮ್ಮೆ ಇಪ್ಪತ್ತೆಂಟನೆಯದಾಗಿ ಸೇರುವ, ಬಹಳ ಸಲ ಹೊರಗುಳಿಯುವ ಅದೇ ಅಭಿಜಿತ್. ಇಲ್ಲಿಂದ ಅದಕ್ಕೆ 25 ಜ್ಯೋತಿರ್ವರ್ಷ. ಗ್ಯಾಲಕ್ಸಿಯ ಲೆಕ್ಕದಲ್ಲಿ ಇದು ಪಕ್ಕದ ಮನೆ. ಗ್ಯಾಲಕ್ಸಿಯ ಅಡ್ಡಗಲವೇ ಸುಮಾರು ಒಂದು ಲಕ್ಷ ಜ್ಯೋತಿರ್ವರ್ಷ. ಹಾಗಾಗಿ ಅಂಚಿನಲ್ಲಿರುವ ಮೊದಲ ಡೆಲ್ಟಾ ವೇಗಾ ಅಭಿಜಿತ್‌ನ ಕುಟುಂಬಕ್ಕೆ ಸೇರಿದ್ದಲ್ಲ. ಎರಡನೆಯದೂ ಅಲ್ಲ, ಏಕೆಂದರೆ ಅದು ವಲ್ಕನ್‌ನ ನೆರೆಯದು. ವಲ್ಕನ್‌ನ ಸೂರ್ಯ ಯಾವುದೆಂದು ಸರಣಿಯ ಜನಕ ಜೀನ್ ರಾಡೆನ್‌ಬೆರಿ 1991ರಲ್ಲಿ ಮೂವರು ಖಗೋಳವಿಜ್ಞಾನಿಗಳ ಜೊತೆ ‘ಸ್ಕೈ ಅಂಡ್ ಟೆಲಿಸ್ಕೋಪ್’ ಪತ್ರಿಕೆಗೆ ಬರೆದು ತಿಳಿಸಿದರು: 40 ಎರಿಡಾನಿ, ಸುಮಾರು 16 ಜ್ಯೋತಿರ್ವರ್ಷ ದೂರದ್ದು. ಕೆಲವರು ಅದಕ್ಕೂ ಮೊದಲು ಹೆಸರಿಸಿದ್ದ ಎಪ್ಸಿಲಾನ್ ಎರಿಡಾನಿಯನ್ನು ಅವರು ಕೈಬಿಟ್ಟ ಕಾರಣ ಚೆನ್ನಾಗಿದೆ. ಅದಕ್ಕೆ ಆಗಿರುವ ವಯಸ್ಸು ನೂರು ಕೋಟಿ ವರ್ಷದ ಆಸುಪಾಸು. ಬುದ್ಧಿವಂತ ಜೀವಿಗಳು ವಿಕಾಸಗೊಳ್ಳಲು ಅಷ್ಟು ಕಾಲ ಸಾಲದು. ಅವರ ಲೆಕ್ಕದಲ್ಲಿ 40 ಎರಿಡಾನಿ ಸುಮಾರು ನಾನೂರು ಕೋಟಿ ವರ್ಷದ್ದು, ನಮ್ಮ ಸೂರ್ಯನಿಗೆ ಹತ್ತಿರದ ವಯಸ್ಸು.

ಹೆಸರಿನ ಮೊದಲ ಪದವೂ ಎಡವಟ್ಟೇ. 1603ರಲ್ಲಿ ಜರ್ಮನಿಯ ಯೋಹಾನ್ ಬೇಯರ್ ಪ್ರತಿ ನಕ್ಷತ್ರಪುಂಜದ ಮುಖ್ಯ ತಾರೆಗಳಿಗೆ, ಹೆಚ್ಚುಕಡಿಮೆ ಹೊಳಪಿನ ಕ್ರಮದಲ್ಲಿ, ಆಲ್ಫಾ, ಬೀಟಾ, ಗ್ಯಾಮಾ ಎಂದು ಗ್ರೀಕ್ ಅಕ್ಷರ ಹಚ್ಚಿದ. ಅಕ್ಷರ ಮೊದಲು, ಪುಂಜದ ಹೆಸರು ಆಮೇಲೆ. ಅಭಿಜಿತ್ ಇರುವುದು ಲೈರಾ ಪುಂಜದಲ್ಲಿ, ಅಂದರೆ ವೀಣೆಯಲ್ಲಿ. ಆದ್ದರಿಂದ ಅದು ಆಲ್ಫಾ ಲೈರೇ. ವೇಗಾ ಎನ್ನುವುದು ಒಂದೇ ಒಂದು ನಕ್ಷತ್ರದ ಹೆಸರು, ಪುಂಜದ್ದಲ್ಲ. ಅದರ ಹಿಂದೆ ಡೆಲ್ಟಾ ಅಂಟಿಸುವುದು ಮನೆಯ ಸಂಖ್ಯೆಯನ್ನು ಬೀದಿಯ ಹೆಸರಿನ ಬದಲು ಮನೆಯಾತನ ಹೆಸರಿನ ಜೊತೆ ಬರೆದಂತೆ. ಸ್ಟಾರ್ ಟ್ರೆಕ್‌ನಲ್ಲಿ ಇಂಥವು ಬೇಕಾದಷ್ಟಿವೆ. ಖಳನಾಯಕ ಖಾನ್‌ನನ್ನು ಗಡೀಪಾರು ಮಾಡಿದ ಗ್ರಹ ‘ಸೆಟಿ ಆಲ್ಫಾ 5’. ನಿಜವಾದ ತಾರೆ ಆಲ್ಫಾ ಸೆಟಿ. ಕಥೆಯಲ್ಲಿ ಪದಗಳು ಹಿಂದುಮುಂದಾಗಿವೆ. 1982ರ ಚಿತ್ರದಲ್ಲಿ ಆರನೆಯ ಗ್ರಹ ಸಿಡಿದುಹೋಗಿರುತ್ತದೆ. ಅದರ ಸುಳಿವಿಲ್ಲದೆ ಬಂದ ನೌಕೆಯವರು ಐದನೆಯದನ್ನೇ ಆರನೆಯದೆಂದು ತಿಳಿದು ಇಳಿದು ಖಾನ್‌ನ ಕೈಗೆ ಸಿಕ್ಕಿಬೀಳುತ್ತಾರೆ. ಇಡೀ ಸರಣಿಯಲ್ಲಿ ಹೆಸರಿನ ಗೊಂದಲವನ್ನೇ ಕಥೆಯಾಗಿಸಿದ ಈ ಜಾಣತನ ನನಗೆ ಬಹಳ ಇಷ್ಟ.

ಈಗ ಸ್ಪಾಕ್‌ನ ಆಕಾಶಕ್ಕೆ ಮರಳೋಣ. ಕೈ ಚಾಚಿ ಹೆಬ್ಬೆರಳು ಎತ್ತಿದರೆ ಅದು ಆಕಾಶದಲ್ಲಿ ಸುಮಾರು ಎರಡು ಡಿಗ್ರಿ ಮರೆಮಾಡುತ್ತದೆ. ಹುಣ್ಣಿಮೆಯ ಚಂದ್ರ ಅರ್ಧ ಡಿಗ್ರಿ, ಬೆರಳ ಹಿಂದೆ ಸಲೀಸಾಗಿ ಅಡಗುತ್ತಾನೆ. ಶುಕ್ರ ನಮಗೆ ತೀರ ಹತ್ತಿರ ಬಂದಾಗ ಇರುವ ದೂರ ಸುಮಾರು ನಾಲ್ಕು ಕೋಟಿ ಕಿಲೋಮೀಟರ್. ಆಗಲೂ ಅದರ ಬಿಂಬ ಡಿಗ್ರಿಯ ಅರುವತ್ತರಲ್ಲಿ ಒಂದು ಪಾಲು. ಬರಿಗಣ್ಣಿಗೆ ಚುಕ್ಕೆಯೇ ಸರಿ. ಆದ್ದರಿಂದ ಡೆಲ್ಟಾ ವೇಗಾ ಸೂರ್ಯನನ್ನು ತನ್ನದೇ ಕಕ್ಷೆಯಲ್ಲಿ ಸುತ್ತುವ ಪಕ್ಕದ ಗ್ರಹವಾಗಿದ್ದರೆ ಸ್ಪಾಕ್‌ಗೆ ಕಾಣುತ್ತಿದ್ದದ್ದು ಒಂದು ಚುಕ್ಕೆ ನಂದಿದ್ದು, ಅಷ್ಟೇ. ಭೂಮಿಯಷ್ಟು ದೊಡ್ಡ ವಲ್ಕನ್ ಏಳು ಡಿಗ್ರಿ ಅಗಲ, ಅಂದರೆ ಹದಿನಾಲ್ಕು ಚಂದ್ರರಷ್ಟು ಅಗಲ ಕಾಣಬೇಕಾದರೆ ನೋಡುವವನು ಅದರಿಂದ ಒಂದು ಲಕ್ಷ ಕಿಲೋಮೀಟರ್ ದೂರದಲ್ಲಿರಬೇಕು. ನಮ್ಮ ಚಂದ್ರನಿಗೆ 3.84 ಲಕ್ಷ ಕಿಲೋಮೀಟರ್ ಎಂಬುದು ನೆನಪಿರಲಿ. ಅಷ್ಟು ಸಮೀಪವಿದ್ದರೆ ಅದನ್ನು ಗ್ರಹ ಎನ್ನುವುದು ಹೇಗೆ? ಅದು ವಲ್ಕನ್‌ನ ಉಪಗ್ರಹ, ಇಲ್ಲವೇ ಜೋಡಿ. ತಮಾಷೆಯೆಂದರೆ 1966ರ ಮೊದಲ ಕಂತುಗಳಲ್ಲೇ ಸ್ಪಾಕ್ ತನ್ನ ಸಹೋದ್ಯೋಗಿ ಉಹುರಾಗೆ ಖಡಾಖಂಡಿತವಾಗಿ ಹೇಳಿದ್ದ: ವಲ್ಕನ್‌ಗೆ ಚಂದ್ರನಿಲ್ಲ.

ಅಷ್ಟು ಹತ್ತಿರವಿರುವ ಎರಡು ಕಾಯಗಳ ನಡುವೆ ಉಬ್ಬರವಿಳಿತದ ಸೆಳೆತ ಭಯಂಕರವಾಗಿರುತ್ತದೆ. ಭೂಮಿಯ ತೂಕ ಚಂದ್ರನ 81 ಪಟ್ಟು. ದೂರ ಕಡಿಮೆಯಾದಂತೆ ಈ ಸೆಳೆತ ಘನದ ಲೆಕ್ಕದಲ್ಲಿ ಏರುತ್ತದೆ. ಗುಣಿಸಿದರೆ, ಚಂದ್ರ ನಮ್ಮ ಕಡಲುಗಳನ್ನು ಎಳೆಯುವುದಕ್ಕಿಂತ ನಾಲ್ಕು ಸಾವಿರ ಪಟ್ಟಿಗೂ ಹೆಚ್ಚು. ಕೋಟ್ಯಂತರ ವರ್ಷಗಳಲ್ಲಿ ಆ ಸೆಳೆತ ಡೆಲ್ಟಾ ವೇಗಾದ ತಿರುಗುವಿಕೆಗೆ ಕಡಿವಾಣ ಹಾಕಿ, ಚಂದ್ರ ನಮಗೆ ತೋರುವಂತೆ ಅದೂ ವಲ್ಕನ್‌ಗೆ ಒಂದೇ ಮುಖ ತೋರುವಂತೆ ಮಾಡಿರುತ್ತಿತ್ತು. ಆಗ ವಲ್ಕನ್ ಅಲ್ಲಿನ ಆಕಾಶದಲ್ಲಿ ಹುಟ್ಟುವುದೂ ಇಲ್ಲ, ಮುಳುಗುವುದೂ ಇಲ್ಲ; ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಪಟದಂತೆ ಒಂದೇ ಕಡೆ. ವೈರಿ ಸ್ಪಾಕ್‌ನನ್ನು ಆಚೆ ಮುಖದಲ್ಲಿ ಇಳಿಸಿದ್ದರೆ ಅವನ ಸೇಡೆಲ್ಲ ಹಾಳಾಗುತ್ತಿತ್ತು.

ಹಾಗೆ ಒಳಕ್ಕೆ ಕುಸಿದ ವಲ್ಕನ್ ಕಪ್ಪುಕುಳಿಯಾದ ಮೇಲೆ ಡೆಲ್ಟಾ ವೇಗಾದ ಗತಿಯೇನು? ಅದೂ ನುಂಗಿಹೋಗುತ್ತದೆ ಎಂಬುದು ಹಲವರ ಊಹೆ. ಹಾಗೇನೂ ಆಗುವುದಿಲ್ಲ. ಭೂಮಿಯಷ್ಟು ದ್ರವ್ಯವನ್ನು ಕಪ್ಪುಕುಳಿಯಾಗುವಂತೆ ಹಿಂಡಿದರೆ ಅದರ ಅಡ್ಡಗಲ ಸುಮಾರು 18 ಮಿಲಿಮೀಟರ್, ಮಕ್ಕಳ ಗೋಲಿಯಷ್ಟು. ಗಾತ್ರ ಕುಗ್ಗಿದರೂ ತೂಕ ಅಷ್ಟೇ ಇರುತ್ತದೆ. ಲಕ್ಷ ಕಿಲೋಮೀಟರ್ ಆಚೆಗಿನವರಿಗೆ ಗುರುತ್ವದಲ್ಲಿ ಕೂದಲೆಳೆಯ ವ್ಯತ್ಯಾಸವೂ ತಿಳಿಯದು. ಡೆಲ್ಟಾ ವೇಗಾ ಕಣ್ಣಿಗೆ ಕಾಣದ ಗೋಲಿಯನ್ನು ಮೊದಲಿನಂತೆಯೇ ಸುತ್ತುತ್ತಿರುತ್ತದೆ.

ವೇಗಾದ ಹೆಸರಲ್ಲದಿದ್ದರೂ ಲೈರಾ ಪುಂಜದಲ್ಲಿ ಡೆಲ್ಟಾ ಎಂಬುದು ನಿಜಕ್ಕೂ ಇದೆ. ಆಗಸ್ಟ್–ಸೆಪ್ಟೆಂಬರ್ ಸಂಜೆಗಳಲ್ಲಿ, ಮಳೆ ಮೋಡ ಬಿಡುವು ಕೊಟ್ಟರೆ, ಕರ್ನಾಟಕದಲ್ಲಿ ನೆತ್ತಿಯಿಂದ ತುಸು ಉತ್ತರಕ್ಕೆ ಅಭಿಜಿತ್ ನೀಲಿಬಿಳಿಯಾಗಿ ಹೊಳೆಯುತ್ತದೆ. ಅದರ ಮಗ್ಗುಲಲ್ಲಿ ನಾಲ್ಕು ಮಂಕು ತಾರೆಗಳ ಪುಟ್ಟ ಓರೆ ಚೌಕ. ಅದರ ಒಂದು ಮೂಲೆಯಲ್ಲಿರುವುದೇ ಡೆಲ್ಟಾ ಲೈರೇ. ಅಲ್ಲಿಗೆ ಬೈನಾಕ್ಯುಲರ್ ಹಿಡಿದರೆ ಒಂದರ ಬದಲು ಎರಡು ತಾರೆಗಳು ಕಾಣುತ್ತವೆ: ಒಂದು ಕೆಂಪಗೆ, ಇನ್ನೊಂದು ನೀಲಿ ಛಾಯೆಯ ಬಿಳಿ. ಒಂದನ್ನೊಂದು ಸುತ್ತುವ ಜೋಡಿಯೇನೂ ಅಲ್ಲ. ನಮ್ಮ ದಿಕ್ಕಿನಿಂದ ನೋಡಿದಾಗ ಅಕ್ಕಪಕ್ಕ ಬಂದಿವೆ, ಅಷ್ಟರಿಂದಲೇ ಎರಡಕ್ಕೂ ಡೆಲ್ಟಾ ಎಂಬ ಒಂದೇ ಹೆಸರು ಬಿದ್ದಿದೆ.