ಎರಡು ಸಮೋನ್ನತಿ ರೇಖೆಗಳ ನಡುವಿನ ನದಿ

ಉತ್ತರ ಕೆನಡಾದ ನಿರ್ಜನ ನದಿಗಳಲ್ಲಿ ದೋಣಿಯಾನಕ್ಕೆ ಹೊರಡುವವರು ಸ್ಥಳಾಕೃತಿ ನಕ್ಷೆಯನ್ನು ಮುಂದಿಟ್ಟುಕೊಂಡು ಮೊದಲು ಕೇಳುವುದು, ನೀರು ಎಲ್ಲೆಲ್ಲಿ ಧುಮುಕುತ್ತದೆ ಎಂದು. ನಕ್ಷೆ ತಯಾರಿಕೆಯ ವೃತ್ತಿಯಲ್ಲಿರುವ ನಾನು ಅವರಿಗೆ ಮೊದಲು ತೋರಿಸುವುದು ಹಾಳೆಯ ಅಂಚಿನಲ್ಲಿ ನಮೂದಾಗಿರುವ ಸಮೋನ್ನತಿ ಅಂತರವನ್ನು, ಅಂದರೆ ಒಂದೇ ಎತ್ತರದ ಸ್ಥಳಗಳನ್ನು ಜೋಡಿಸುವ ಸಮೋನ್ನತಿ ರೇಖೆಗಳಲ್ಲಿ ಅಕ್ಕಪಕ್ಕದ ಎರಡರ ನಡುವಿನ ಎತ್ತರದ ವ್ಯತ್ಯಾಸವನ್ನು.

10 ಮೀಟರ್ ಅಂತರದ ಎರಡು ರೇಖೆಗಳು ಒಂದಕ್ಕೊಂದು 10 ಕಿಲೋಮೀಟರ್ ದೂರದಲ್ಲಿ ನದಿಯನ್ನು ದಾಟಿದ್ದರೆ ಇಳಿಜಾರು ಕಿಲೋಮೀಟರಿಗೆ ಸರಾಸರಿ 1 ಮೀಟರ್ ಎಂದು ಲೆಕ್ಕ ಬರುತ್ತದೆ. ಆದರೆ ಕೆನಡಿಯನ್ ಶೀಲ್ಡ್ ಎಂಬ ಪುರಾತನ ಗಟ್ಟಿ ಬಂಡೆಯ ಪ್ರದೇಶದಲ್ಲಿ ಈ ಸರಾಸರಿಯನ್ನು ನಂಬುವುದು ಅಪಾಯಕಾರಿ. ಹಿಮಯುಗದ ಮಂಜುಗಡ್ಡೆಯ ಹೊದಿಕೆ ಹಳೆಯ ಕಣಿವೆಗಳನ್ನು ಕೆದಕಿ ಹೋದ ಮೇಲೆ ಅಲ್ಲಿನ ನದಿಗಳು ಸರೋವರದಿಂದ ಸರೋವರಕ್ಕೆ ತುಳುಕುತ್ತ ಸಾಗುತ್ತವೆಯಾದ್ದರಿಂದ, ಮಟ್ಟಸವಾದ ನೀರಿನಲ್ಲಿ ಎಂಟೊಂಬತ್ತು ಕಿಲೋಮೀಟರ್ ಕಳೆದು, ಇಡೀ ಇಳಿತವು ಗಟ್ಟಿ ಬಂಡೆಯ ಒಂದೇ ಕಿರುದಾರಿಯಲ್ಲಿ ಬಂದೆರಗಬಹುದು. ರೇಖೆಗಳ ನಡುವಿನ ಅಷ್ಟೂ ಸಂಗತಿ ನಕ್ಷೆಯ ಕಣ್ಣಿಗೆ ಬೀಳುವುದಿಲ್ಲ.

1893ರಲ್ಲಿ ಉತ್ತರ ಕೆನಡಾದ ಡುಬಾಂಟ್ ನದಿಗುಂಟ ಸಾಗಿದ ಅನ್ವೇಷಕರಾದ ಜೋಸೆಫ್ ಮತ್ತು ಜೇಮ್ಸ್ ಟೈರೆಲ್ ಸಹೋದರರು ನೀರಿನ ಮೇಲಿದ್ದೇ ನಕ್ಷೆ ಬರೆದವರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಒಂದು ಕ್ಯಾಮೆರಾ ನೇರ ಕೆಳಗೆ, ಎರಡು ಕ್ಯಾಮೆರಾಗಳು ಎಡಬಲದ ದಿಗಂತದ ಕಡೆಗೆ ನೋಡುವ ವಿಮಾನಗಳು ಈ ಭೂಭಾಗವನ್ನು ಸೆರೆಹಿಡಿದವು. ವಿಸ್ತಾರ ದಕ್ಕಿತು, ನದಿಯ ಸಾಮೀಪ್ಯ ಕಳೆಯಿತು. ನಕ್ಷೆಯಲ್ಲಿ ನದಿಗೆ ಅಡ್ಡಲಾಗಿ ಎಳೆದ, ನೀರಿನ ರಭಸವನ್ನು ಸೂಚಿಸುವ ಚಿಹ್ನೆಗಳು ಬಹುಪಾಲು ಛಾಯಾಚಿತ್ರದಲ್ಲಿ ಕಂಡ ಬಿಳಿನೊರೆಯನ್ನು ಆಧರಿಸಿದವು. ಆ ದಿನ ನೀರು ಹೆಚ್ಚಿದ್ದು ಬಂಡೆ ಮುಳುಗಿದ್ದರೆ ಚಿಹ್ನೆಯೂ ಇಲ್ಲ. ಆದ್ದರಿಂದ ನಕ್ಷೆ ಅಚ್ಚಾದ ವರ್ಷಕ್ಕಿಂತ ಛಾಯಾಚಿತ್ರ ತೆಗೆದ ವರ್ಷವನ್ನು ಹುಡುಕಿ ನೋಡುವುದು ಮುಖ್ಯ.

ಉಪಗ್ರಹ ಚಿತ್ರಗಳಿಂದ ರಚಿಸಿದ, 2 ಮೀಟರ್ ಜಾಲರಿಯ ಆರ್ಕ್ಟಿಕ್‌ಡೆಮ್ ಎಂಬ ಎತ್ತರದ ಮಾದರಿ ಬಂದ ಮೇಲೆ ಈ ಕೊರತೆ ನೀಗಿತೆಂದು ಹಲವರು ಭಾವಿಸುತ್ತಾರೆ. ದಡದ ಮಟ್ಟಿಗೆ ಅದು ನಿಜಕ್ಕೂ ಅಮೂಲ್ಯ. ಆದರೆ ಒಂದೇ ಬಿಂದುವನ್ನು ಎರಡು ಚಿತ್ರಗಳಲ್ಲಿ ಗುರುತಿಸಿ ಎತ್ತರ ಕಂಡುಹಿಡಿಯುವ ವಿಧಾನಕ್ಕೆ ಸ್ಥಿರವಾದ ಗುರುತುಗಳು ಬೇಕು. ಹರಿಯುವ ನೀರಿನಲ್ಲಿ ಅವು ಇರುವುದಿಲ್ಲವಾದ್ದರಿಂದ ನದಿಯ ಮೇಲಿನ ಅಂಕಿಗಳು ಏರುಪೇರಾಗಿ, ನೀರು ಮೇಲಕ್ಕೆ ಹರಿದಂತೆ ತೋರುವುದೂ ಉಂಟು.

ಹಾಗಾಗಿ ನಾನು ಸಲಹೆ ಮಾಡುವ ಕ್ರಮ ಇಷ್ಟೆ: ಹಾಳೆಯಲ್ಲಿ ಸರೋವರಗಳ ನೀರಿನ ಮಟ್ಟ ನಮೂದಾಗಿದ್ದರೆ, ಮೇಲಿನ ಸರೋವರದ ಮಟ್ಟದಿಂದ ಕೆಳಗಿನದರ ಮಟ್ಟವನ್ನು ಕಳೆದು, ಉಳಿದ ಇಳಿತವನ್ನು ಅವೆರಡರ ನಡುವಿನ ಕಿರಿದಾದ ಹರಿವಿಗೆ ಮಾತ್ರ ಹಂಚಬೇಕು. ಆ ಹರಿವು ಚಿಕ್ಕದಾಗಿದ್ದು ಇಳಿತ ದೊಡ್ಡದಾಗಿದ್ದರೆ, ಚಿಹ್ನೆ ಇರಲಿ ಇಲ್ಲದಿರಲಿ, ದೋಣಿಯನ್ನು ಮೊದಲೇ ದಡಕ್ಕೆ ಹಚ್ಚಿ ಮುಂದಿನ ನೀರನ್ನು ನಡೆದು ಹೋಗಿ ನೋಡಬೇಕು.