ಊದುಬತ್ತಿಗೆ ಅಡಗದ ವಾಸನೆ

ಸಿಂಧನೂರು ತಾಲ್ಲೂಕಿನ ನಮ್ಮ ಮನೆಯ ಪಡಸಾಲೆಯಲ್ಲಿ, ದೊಡ್ಡಮ್ಮ ಮಲಗಿದ್ದ ಮೂಲೆಯಲ್ಲಿ, ಹಗಲಿರುಳು ಊದುಬತ್ತಿ ಉರಿಯುತ್ತಿತ್ತು. ಅವರ ಎಡ ಸ್ತನದ ಕ್ಯಾನ್ಸರ್ ಗಡ್ಡೆ ಚರ್ಮವನ್ನು ಒಡೆದುಕೊಂಡು ಹೂಕೋಸಿನಂತೆ ಹೊರಗೆ ಉಬ್ಬಿತ್ತು. ಸೊಸೆ ದಿನಕ್ಕೆರಡು ಬಾರಿ ಹಳೆಯ ನೂಲಿನ ಸೀರೆಯ ತುಂಡುಗಳನ್ನು ಕುದಿಸಿ ಒಣಗಿಸಿ ಹುಣ್ಣಿಗೆ ಕಟ್ಟುತ್ತಿದ್ದಳು. ಆಮೇಲೆ ಹಿತ್ತಲಿಗೆ ಹೋಗಿ ವಾಂತಿ ಮಾಡಿ, ಬಾಯಿ ಮುಕ್ಕಳಿಸಿ, ಏನೂ ಆಗದವಳಂತೆ ಬಂದು ಅತ್ತೆಗೆ ಗಂಜಿ ಕುಡಿಸುತ್ತಿದ್ದಳು. "ಹಡದವ್ವನಂಗ ನೋಡ್ಕೊಂಡಾಕಿ ಆಕಿ. ಆಕಿ ಮೈ ಮುಟ್ಟಾಕ ನನಗ ಹೇಸಿಕಿ ಬರ್ತೈತಂದ್ರ ನಾ ಎಂಥಾಕಿ?" ಎಂದು ಆಕೆ ಒಮ್ಮೆ ನನ್ನೆದುರು ಅತ್ತಳು.

ಆಕೆಯ ಪ್ರಶ್ನೆಗೆ ಉತ್ತರ ರಸಾಯನಶಾಸ್ತ್ರದಲ್ಲಿದೆ. ಗಡ್ಡೆ ಬೆಳೆಯುವ ವೇಗಕ್ಕೆ ತಕ್ಕಂತೆ ರಕ್ತನಾಳಗಳು ಬೆಳೆಯುವುದಿಲ್ಲ. ಆಮ್ಲಜನಕ ಸಿಗದೆ ಒಳಗಿನ ಅಂಗಾಂಶ ಸಾಯುತ್ತದೆ. ಸತ್ತ ಅಂಗಾಂಶದಲ್ಲಿ, ಆಮ್ಲಜನಕವಿಲ್ಲದೆಯೇ ಬದುಕುವ ಬ್ಯಾಕ್ಟೀರಿಯಾಗಳು ನೆಲೆಯೂರಿ ಕೊಳೆತ ವಾಸನೆಯ ಅನಿಲಗಳನ್ನು ಹೊರಬಿಡುತ್ತವೆ. ಇಂತಹ ಹುಣ್ಣುಗಳ ವಾಸನೆಗೆ ಮುಖ್ಯ ಕಾರಣ ಡೈಮಿಥೈಲ್ ಟ್ರೈಸಲ್ಫೈಡ್ ಎಂಬ ಗಂಧಕದ ಸಂಯುಕ್ತವೆಂದು ಜಪಾನಿನ ಸಂಶೋಧಕರು 2009ರಲ್ಲಿ ಗುರುತಿಸಿದರು. ನೊಣಗಳನ್ನು ಕರೆಯಲು ಕೊಳೆತ ಮಾಂಸದ ವಾಸನೆ ಬೀರುವ ಕೆಲವು ಹೂಗಳಲ್ಲೂ ಇದೇ ಸಂಯುಕ್ತವಿದೆ. ಅತ್ಯಲ್ಪ ಪ್ರಮಾಣದಲ್ಲಿದ್ದರೂ ನಮ್ಮ ಮೂಗು ಅದನ್ನು ಹಿಡಿಯುತ್ತದೆ, ಮತ್ತು ಹೊಟ್ಟೆ ತೊಳಸುವುದು ಮನಸ್ಸಿನ ಅಪ್ಪಣೆಗೆ ಕಾಯುವುದಿಲ್ಲ. ಊದುಬತ್ತಿಯಾಗಲಿ ಲೋಬಾನವಾಗಲಿ ಆ ವಾಸನೆಯ ಮೇಲೆ ಇನ್ನೊಂದನ್ನು ಹೇರುತ್ತವೆ, ಅಷ್ಟೇ.

ವಾಸನೆಯ ಮೂಲ ಬ್ಯಾಕ್ಟೀರಿಯಾ ಎಂದಾದರೆ ಅದಕ್ಕೆ ಮದ್ದೂ ಇದೆ. ಭೇದಿಗೆಂದು ಎಲ್ಲ ಔಷಧದಂಗಡಿಗಳಲ್ಲಿ ಸಿಗುವ ಮೆಟ್ರೋನಿಡಜೋಲ್ ಈ ಜಾತಿಯ ಬ್ಯಾಕ್ಟೀರಿಯಾಗಳನ್ನೇ ಕೊಲ್ಲುತ್ತದೆ. ಅದರ ಜೆಲ್ ಅನ್ನು, ಜೆಲ್ ಸಿಗದಿದ್ದರೆ ಮಾತ್ರೆಯನ್ನೇ ನುಣ್ಣಗೆ ಪುಡಿಮಾಡಿ, ವೈದ್ಯರು ಹೇಳಿದ ಪ್ರಮಾಣದಲ್ಲಿ ಹುಣ್ಣಿನ ಮೇಲೆ ಹಾಕಿದರೆ ಅನೇಕರಲ್ಲಿ ಕೆಲವೇ ದಿನಗಳಲ್ಲಿ ವಾಸನೆ ತಗ್ಗುತ್ತದೆ. ಇಷ್ಟು ಅಗ್ಗದ ಉಪಾಯ ನಮ್ಮ ಮನೆಗೆ ತಿಳಿದದ್ದು ಎರಡು ತಿಂಗಳ ನಂತರ, ಅದೂ ಪರಿಚಯದ ನರ್ಸೊಬ್ಬರ ಬಾಯಿಂದ ಆಕಸ್ಮಿಕವಾಗಿ. "ಇನ್ನೇನೂ ಮಾಡುವಂತಿಲ್ಲ, ಮನೆಗೆ ಕರೆದೊಯ್ಯಿರಿ" ಎಂದು ಕಳುಹಿಸಿದ ಆಸ್ಪತ್ರೆಯಲ್ಲಿ ಹುಣ್ಣನ್ನು ಹೇಗೆ ತೊಳೆಯಬೇಕು, ಹೇಗೆ ಕಟ್ಟಬೇಕು ಎಂದು ಯಾರೂ ತೋರಿಸಿರಲಿಲ್ಲ. ಅದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಬಟ್ಟೆ ಬಿಚ್ಚುವ ಹೊತ್ತೇ ಅತಿ ಕಷ್ಟದ್ದು. ಬಿಸಿಲು 40 ಡಿಗ್ರಿ ದಾಟಿದ್ದ ಒಂದು ಮಧ್ಯಾಹ್ನ, ರಸಿಗೆ ಒಣಗಿ ಹುಣ್ಣಿಗೆ ಅಂಟಿಕೊಂಡಿದ್ದ ಅರಿವೆಯನ್ನು ಸೊಸೆ ಮೆಲ್ಲಗೆ ಎಳೆದಾಗ ರಕ್ತ ಚಿಮ್ಮಿತು. ತಾನೇ ಅತ್ತೆಯನ್ನು ಕೊಂದೆನೆಂದು ಆಕೆ ಚೀರಿದಳು. ಗಡ್ಡೆಯ ರಕ್ತನಾಳಗಳ ಗೋಡೆ ಬಹಳ ದುರ್ಬಲವಾಗಿರುವುದರಿಂದ ಅವು ಸಣ್ಣ ಎಳೆತಕ್ಕೂ ಒಡೆಯುತ್ತವೆ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 9 ಗ್ರಾಂ ಉಪ್ಪು ಹಾಕಿ, ಆ ನೀರಿನಲ್ಲಿ ಬಟ್ಟೆಯನ್ನು ಚೆನ್ನಾಗಿ ನೆನೆಸಿ, ತಾನಾಗಿ ಬಿಟ್ಟುಕೊಂಡ ಮೇಲೆ ತೆಗೆಯಬೇಕೆಂಬುದು, ಹುಣ್ಣಿಗೆ ತಾಗುವ ಪದರಕ್ಕೆ ವ್ಯಾಸಲೀನ್ ಸವರಿದ ಗಾಜ್ ಬಟ್ಟೆ ಇಟ್ಟರೆ ಅಂಟುವುದಿಲ್ಲವೆಂಬುದು ಆಕೆಗೆ ಗೊತ್ತಿರಲಿಲ್ಲ. ರಕ್ತ ಬಂದರೆ ಶುಭ್ರ ಬಟ್ಟೆಯಿಂದ ಹತ್ತು ಹದಿನೈದು ನಿಮಿಷ ಬಿಡದೆ ಒತ್ತಿ ಹಿಡಿಯಬೇಕು, ನಿಲ್ಲದಿದ್ದರೆ ವೈದ್ಯರನ್ನು ಕರೆಯಬೇಕು. ಕಡುಬಣ್ಣದ ಟವೆಲ್ ಹತ್ತಿರವಿದ್ದರೆ ಕೆಂಪು ಎದ್ದು ಕಾಣದೆ, ರೋಗಿಯೂ ಆರೈಕೆಯವರೂ ಕಡಿಮೆ ಹೆದರುತ್ತಾರೆ. ನಮ್ಮ ಕಡೆ ನೊಣದ ಕಾಟ ಹೆಚ್ಚು, ಹುಣ್ಣಿನಲ್ಲಿ ಹುಳ ಬೀಳುವುದೂ ಉಂಟು. ಹಗಲಲ್ಲೂ ಸೊಳ್ಳೆಪರದೆ ಕಟ್ಟಬೇಕು. ಹುಳ ಬಿದ್ದರೆ ಮುಚ್ಚಿಡದೆ ವೈದ್ಯರಿಗೆ ತೋರಿಸಬೇಕು.

ನೋವಿಗೆ ಮಾರ್ಫಿನ್ ಇದೆ. ಬಟ್ಟೆ ಬದಲಿಸುವ ಅರ್ಧ ಗಂಟೆ ಮೊದಲು ಅದನ್ನು ಕೊಡುವ ಪದ್ಧತಿಯೂ ಇದೆ, ಮಾದಕವಸ್ತು ಕಾನೂನಿನ 2014ರ ತಿದ್ದುಪಡಿ ಆಸ್ಪತ್ರೆಗಳಿಗೆ ಅದನ್ನು ಇಟ್ಟುಕೊಳ್ಳುವುದನ್ನು ಸುಲಭ ಮಾಡಿದೆ. ಕೇಳಿ ಪಡೆಯಬೇಕು.

ಓಣಿಯ ಜನ ನಮ್ಮ ಮನೆಯ ನೀರು ಕುಡಿಯುವುದನ್ನು ನಿಲ್ಲಿಸಿದ್ದರು. ಕ್ಯಾನ್ಸರ್ ಮುಟ್ಟಿದರೆ ಅಂಟುವುದಿಲ್ಲ. ಆದರೂ ಸೊಸೆ ಹತ್ತಿ ಬಿಡಿಸುವ ಕೂಲಿಯನ್ನೂ ಗೆಳತಿಯರನ್ನೂ ಒಟ್ಟಿಗೇ ಕಳೆದುಕೊಂಡಳು. ಗುಟ್ಕಾದಿಂದ ಕೆನ್ನೆ ತೂತಾದ ಗಂಡಸರ ಹೆಂಡತಿಯರ ಪಾಡು ಇನ್ನೂ ಕಠಿಣ, ಅವರ ಹುಣ್ಣನ್ನು ಸೆರಗಿನಲ್ಲಿ ಮುಚ್ಚಲಾಗದು. ಬಳ್ಳಾರಿಯ ವೈದ್ಯಕೀಯ ಕಾಲೇಜು (ಹಿಂದಿನ ವಿಮ್ಸ್), ರಾಯಚೂರಿನ ರಿಮ್ಸ್, ಕೊಪ್ಪಳದ ವೈದ್ಯಕೀಯ ಕಾಲೇಜಿನಂಥ ಆಸ್ಪತ್ರೆಗಳಿಂದ ಇಂತಹ ರೋಗಿಯನ್ನು ಮನೆಗೆ ಕಳುಹಿಸುವ ದಿನ, ಆರೈಕೆ ಮಾಡುವವರನ್ನು ಕೂರಿಸಿಕೊಂಡು ಅವರ ಕೈಯಿಂದಲೇ ಒಮ್ಮೆ ಬಟ್ಟೆ ಕಟ್ಟಿಸಲು ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆ ಪ್ರತಿ ಕುಟುಂಬಕ್ಕೂ ಸಿಗಲೇಬೇಕೆಂದು ನಾನು ಕೇಳುತ್ತೇನೆ.

ಆ ಮಾತ್ರೆಯ ಪುಡಿ ಹಾಕಲು ಆರಂಭಿಸಿದ ಐದನೆಯ ದಿನ ದೊಡ್ಡಮ್ಮ ಊದುಬತ್ತಿ ಬೇಡವೆಂದರು, ಮೊಮ್ಮಗನನ್ನು ಪಕ್ಕಕ್ಕೆ ಕರೆದರು. ಅವರು ತೀರಿಕೊಂಡು ಗೋಡೆಗೆ ಸುಣ್ಣ ಹೊಡೆಸಿದ ಮೇಲೂ ಸೊಸೆಗೆ ಹಲವು ತಿಂಗಳು ಆ ವಾಸನೆ ಬರುತ್ತಿತ್ತು. ಹೋದ ವರ್ಷ ಪಕ್ಕದ ಕ್ಯಾಂಪಿನ (ವಲಸಿಗರ ಊರಿನ) ಹೆಂಗಸೊಬ್ಬಳು ಗಂಡನ ಕೆನ್ನೆಯ ಹುಣ್ಣಿನ ವಿಷಯ ಹೇಳಿ ಅತ್ತಾಗ, ಸೊಸೆ ಉಪ್ಪುನೀರಿನ ಬಾಟಲಿ ಹಿಡಿದು, ಮೊದಲು ಬಟ್ಟೆ ನೆನೆಸುವುದನ್ನು ತೋರಿಸಲು ಅವಳ ಜೊತೆ ಹೊರಟಳು.