ಡೆಸ್ಕ್‌ಟಾಪ್ ಆಯ್ಕೆ: ಪರದೆಯಿಂದ ಹಿಂದಕ್ಕೆ ಒಂದು ಲೆಕ್ಕ

ಡೆಸ್ಕ್‌ಟಾಪ್ ಕಂಪ್ಯೂಟರ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಪ್ರೊಸೆಸರ್ ಯಾವುದೆಂದು. ಅದರ ಬದಲು ಮಾನಿಟರ್‌ನಿಂದ ಆರಂಭಿಸಿ ಹಿಂದಕ್ಕೆ ಲೆಕ್ಕ ಹಾಕುತ್ತಾ ಬರುವುದು ಲೇಸು. ಗೇಮ್ ಆಡುವವರ ಮಟ್ಟಿಗಂತೂ ಯಂತ್ರಕ್ಕೆ ಎಷ್ಟು ಕೆಲಸವಿದೆ ಎಂಬುದನ್ನು ಬಹುಪಾಲು ನಿರ್ಧರಿಸುವುದು ಪರದೆಯೇ.

1920×1080 ಅಳತೆಯ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿರುತ್ತವೆ. 3840×2160 ಅಳತೆಯ 4ಕೆ ಪರದೆಯಲ್ಲಿ ಅದರ ನಾಲ್ಕು ಪಟ್ಟು. 60 ಹರ್ಟ್ಸ್ ಮಾನಿಟರ್ ಪ್ರತಿ 16.7 ಮಿಲಿಸೆಕೆಂಡಿಗೊಂದು ಹೊಸ ಚಿತ್ರವನ್ನು ಬೇಡಿದರೆ, 144 ಹರ್ಟ್ಸ್ ಮಾನಿಟರ್ ಸುಮಾರು 6.9 ಮಿಲಿಸೆಕೆಂಡಿಗೊಂದನ್ನು ಬೇಡುತ್ತದೆ. ಪಾತ್ರಗಳು ಎಲ್ಲಿವೆ, ಯಾವುದು ಯಾವುದಕ್ಕೆ ಡಿಕ್ಕಿ ಹೊಡೆಯಿತು ಎಂಬ ಲೆಕ್ಕವನ್ನು ಪ್ರೊಸೆಸರ್ ಮಾಡುತ್ತದೆ. ಆ ದೃಶ್ಯದ ಒಂದೊಂದು ಪಿಕ್ಸೆಲ್‌ಗೂ ಬಣ್ಣ ತುಂಬುವುದು ಗ್ರಾಫಿಕ್ಸ್ ಕಾರ್ಡ್. ಇವೆರಡರಲ್ಲಿ ಯಾವುದು ಹಿಂದೆ ಬಿದ್ದರೂ ಇನ್ನೊಂದು ಸುಮ್ಮನೆ ಕಾಯಬೇಕಾಗುತ್ತದೆ. ಪಿಕ್ಸೆಲ್‌ಗಳು ಹೆಚ್ಚಿದಾಗ ಕಾರ್ಡಿನ ಹೊರೆ ಏರುತ್ತದೆಯೇ ಹೊರತು ಪ್ರೊಸೆಸರ್‌ನ ಹೊರೆ ಹೆಚ್ಚೇನೂ ಬದಲಾಗುವುದಿಲ್ಲ. ಹೀಗಾಗಿ 4ಕೆ ಪರದೆಯಲ್ಲಿ ಆಡುವವರು ಹಣವನ್ನು ಕಾರ್ಡಿನ ಮೇಲೆ ಹಾಕಬೇಕು. 1080 ಸಾಲುಗಳ ಪರದೆಯಲ್ಲಿ ಅತಿ ಹೆಚ್ಚಿನ ಹರ್ಟ್ಸ್ ಬಯಸುವವರು ಪ್ರೊಸೆಸರ್‌ನ ಕಡೆಗೂ ಗಮನ ಕೊಡಬೇಕು. ಅಲ್ಲಿಯೂ ಕೋರ್‌ಗಳ (ಪ್ರೊಸೆಸರ್‌ನೊಳಗೆ ಲೆಕ್ಕ ಮಾಡುವ ಘಟಕಗಳ) ಸಂಖ್ಯೆಯನ್ನಷ್ಟೇ ಎಣಿಸಿದರೆ ಸಾಲದು. ಆಟದ ಮುಖ್ಯ ಲೆಕ್ಕಗಳು ಒಂದರ ಫಲಿತಾಂಶವನ್ನು ಇನ್ನೊಂದು ಅವಲಂಬಿಸಿರುವುದರಿಂದ ಅವನ್ನು ಹತ್ತಾರು ಕೋರ್‌ಗಳಿಗೆ ಹಂಚುವುದು ಕಷ್ಟ. ಒಂದೊಂದು ಕೋರ್ ಎಷ್ಟು ವೇಗದ್ದು ಎಂಬುದೇ ಹೆಚ್ಚು ಮುಖ್ಯವಾಗುತ್ತದೆ.

ಪತ್ರ ಬರೆಯುವುದು, ಅಂತರ್ಜಾಲ ನೋಡುವುದು, ವೀಡಿಯೊ ವೀಕ್ಷಿಸುವುದು ಇಷ್ಟೇ ಕೆಲಸವಾದರೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕಾಗಿಯೇ ಇಲ್ಲ. ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್ ಧಾರಾಳವಾಗಿ ಸಾಕು. ಇಲ್ಲಿ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ತರುವುದು, ಮಾಹಿತಿಯನ್ನು ಚಿಪ್‌ಗಳಲ್ಲಿ ಉಳಿಸಿಡುವ ಎಸ್‌ಎಸ್‌ಡಿ. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕ್‌ನ ತಟ್ಟೆ ಒಂದು ಸುತ್ತು ಮುಗಿಸಲು 8.3 ಮಿಲಿಸೆಕೆಂಡ್ ಬೇಕು. ಬೇಕಾದ ಮಾಹಿತಿ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಮುಳ್ಳು ಸರಿಯಾದ ಪಥಕ್ಕೆ ಸರಿಯುವ ಸಮಯ ಬೇರೆ. ಕಂಪ್ಯೂಟರ್ ಆರಂಭವಾಗುವಾಗ ಅಲ್ಲಲ್ಲಿ ಚದುರಿದ ಸಾವಿರಾರು ಚಿಕ್ಕ ಕಡತಗಳನ್ನು ಓದಬೇಕಾಗುವುದರಿಂದ ಈ ಕಾಯುವಿಕೆ ಬೆಳೆಯುತ್ತಾ ಹೋಗುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಸೆಕೆಂಡಿಗೆ ಸುಮಾರು 550 ಮೆಗಾಬೈಟ್ ಓದುವ ಸಾಟಾ ಮಾದರಿಯ ಎಸ್‌ಎಸ್‌ಡಿಗಿಂತ ಎನ್‌ವಿಎಂಇ ಮಾದರಿಯದು ಹಲವು ಪಟ್ಟು ವೇಗದ್ದು ಎಂಬುದು ನಿಜ. ಆದರೆ ದಿನಬಳಕೆಯಲ್ಲಿ ಆ ಎರಡನೆಯ ಜಿಗಿತ, ಹಾರ್ಡ್ ಡಿಸ್ಕ್‌ನಿಂದ ಎಸ್‌ಎಸ್‌ಡಿಗೆ ಬರುವ ಮೊದಲನೆಯದರಷ್ಟು ಅನುಭವಕ್ಕೆ ಬರುವುದಿಲ್ಲ.

ರ‍್ಯಾಮ್ (ಯಂತ್ರದ ತಾತ್ಕಾಲಿಕ ಸ್ಮರಣೆ) ವಿಷಯದಲ್ಲಿ ಸಾಮಾನ್ಯ ಬಳಕೆಗೂ ಬಹುತೇಕ ಆಟಗಳಿಗೂ 16 ಜಿಬಿ ಒಂದು ನೆಮ್ಮದಿಯ ಪ್ರಮಾಣವೆನ್ನಬಹುದು. ಅದನ್ನು 16 ಜಿಬಿಯ ಒಂದೇ ಸ್ಟಿಕ್ ಆಗಿ ಕೊಳ್ಳುವುದಕ್ಕಿಂತ 8 ಜಿಬಿಯ ಎರಡಾಗಿ ಕೊಂಡರೆ ಮಾಹಿತಿ ಎರಡು ಚಾನೆಲ್‌ಗಳಲ್ಲಿ ಏಕಕಾಲಕ್ಕೆ ಸಾಗುತ್ತದೆ. ಪ್ರತ್ಯೇಕ ಕಾರ್ಡ್ ಇಲ್ಲದ ಯಂತ್ರಕ್ಕೆ ಇದರ ಲಾಭ ಹೆಚ್ಚು, ಏಕೆಂದರೆ ಅಲ್ಲಿ ಗ್ರಾಫಿಕ್ಸ್‌ಗೂ ಇದೇ ರ‍್ಯಾಮ್ ಆಧಾರ. ನಾಲ್ಕು ಸ್ಲಾಟ್‌ಗಳಿರುವ ಮದರ್‌ಬೋರ್ಡ್‌ಗಳಲ್ಲಿ ಈ ಎರಡನ್ನು ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗೆ ಹಾಕಬೇಕು; ಬೋರ್ಡಿನ ಕೈಪಿಡಿಯಲ್ಲಿ ಇದರ ಚಿತ್ರವಿರುತ್ತದೆ.

ಪವರ್ ಸಪ್ಲೈನಲ್ಲಿ ಉಳಿತಾಯ ಮಾಡುವವರ ಧೈರ್ಯ ನನಗಿಲ್ಲ. ಅದರ ಮೇಲಿನ 80 ಪ್ಲಸ್ ಮುದ್ರೆ ಹೇಳುವುದು ವಿದ್ಯುತ್ ಎಷ್ಟು ಕಡಿಮೆ ಪೋಲಾಗುತ್ತದೆ ಎಂಬುದನ್ನಷ್ಟೇ. ಶಾರ್ಟ್ ಸರ್ಕ್ಯೂಟ್‌ನಿಂದ ರಕ್ಷಣೆ ಎಷ್ಟರಮಟ್ಟಿಗಿದೆ ಎಂಬುದನ್ನು ಅದು ಹೇಳುವುದಿಲ್ಲ.

ಎಲ್ಲವನ್ನೂ ಸರಿಯಾಗಿ ಆರಿಸಿದ ಮೇಲೂ ಯಂತ್ರ ಮಂಕಾಗಿ ನಡೆಯುವುದುಂಟು. ಮಾನಿಟರ್‌ನ ಕೇಬಲ್ ಗ್ರಾಫಿಕ್ಸ್ ಕಾರ್ಡ್‌ಗೆ ಬದಲಾಗಿ ಮದರ್‌ಬೋರ್ಡ್‌ಗೆ ಸಿಕ್ಕಿಸಿದ್ದರೆ ದುಬಾರಿ ಕಾರ್ಡ್ ಕೆಲಸವಿಲ್ಲದೆ ಕುಳಿತಿರಬಹುದು. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 144 ಹರ್ಟ್ಸ್ ಮಾನಿಟರ್ 60ರಲ್ಲೇ ನಿಂತಿರಬಹುದು. ಹಾಗೆಯೇ 3200 ಎಂದು ಬರೆದಿರುವ ಅನೇಕ ಡಿಡಿಆರ್4 ಸ್ಟಿಕ್‌ಗಳು, ಮದರ್‌ಬೋರ್ಡಿನ ಬಯೋಸ್ ಎಂಬ ಮೂಲ ಸೆಟ್ಟಿಂಗ್‌ನಲ್ಲಿ ಎಕ್ಸ್‌ಎಂಪಿ ಎಂಬ ಆಯ್ಕೆಯನ್ನು ಆನ್ ಮಾಡುವವರೆಗೆ, 2133 ಅಥವಾ 2400ರ ವೇಗದಲ್ಲೇ ಓಡುತ್ತಿರುತ್ತವೆ.